ಔಷಧಿ ಇದೆ, ದಾರಿ ದೂರ: ಹಳ್ಳಿಗಳಲ್ಲಿ ಓಪಿಯಾಯ್ಡ್ ವ್ಯಸನದ ಚಿಕಿತ್ಸೆ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಮಾನವನ ಆರೋಗ್ಯ ಮತ್ತು ರೋಗಗಳು’ ಎಂಬ ಅಧ್ಯಾಯವಿದೆ. ಅದರ ಕೊನೆಯ ಭಾಗದಲ್ಲಿ ಓಪಿಯಾಯ್ಡ್‌ಗಳ ಬಗ್ಗೆ ಓದುತ್ತೇವೆ. ಅವು ನಮ್ಮ ಕೇಂದ್ರ ನರಮಂಡಲದಲ್ಲೂ ಕರುಳಿನಲ್ಲೂ ಇರುವ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಹೆರಾಯಿನ್ ಎಂದರೆ ಡೈಅಸಿಟೈಲ್‌ಮಾರ್ಫಿನ್. ಅದರ ಮೂಲ ಪಪಾವರ್ ಸೋಮ್ನಿಫೆರಮ್ ಎಂಬ ಗಿಡ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಈ ವ್ಯಸನಕ್ಕೆ ಬಿದ್ದವನು ಮೇಲೆ ಬರುವುದು ಹೇಗೆ, ಅವನಿಗೆ ಔಷಧಿ ಇದೆಯೇ, ಇದ್ದರೆ ಅದು ಅವನ ಹಳ್ಳಿಯಲ್ಲಿ ಸಿಗುತ್ತದೆಯೇ ಎಂಬುದನ್ನು ಆ ಪುಟಗಳು ವಿವರವಾಗಿ ಹೇಳುವುದಿಲ್ಲ. ಈ ಪಾಠ ಅಲ್ಲಿಂದ ಮುಂದಕ್ಕೆ.

ಗಸಗಸೆ ಗಿಡದಿಂದ ಮಿದುಳಿನವರೆಗೆ

ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೇ ಗಿಡದ ಬೀಜ. ಅಮಲು ಇರುವುದು ಬೀಜದಲ್ಲಲ್ಲ, ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಆ ಹಾಲು ಒಣಗಿದರೆ ಅಫೀಮು. ಅಫೀಮಿನಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್ ಬರುತ್ತದೆ. ಟ್ರಮಡಾಲ್‌ನಂಥ ಕೆಲವು ನೋವಿನ ಮಾತ್ರೆಗಳು ಕಾರ್ಖಾನೆಯಲ್ಲಿ ತಯಾರಾದರೂ ಮಿದುಳಿನಲ್ಲಿ ಇದೇ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತವೆ. ನಮ್ಮ ದೇಶದಲ್ಲಿ 2018ರಲ್ಲಿ ಟ್ರಮಡಾಲ್ ಅನ್ನು ಮಾದಕ ವಸ್ತುಗಳ ಕಾನೂನಿನ ಹತೋಟಿಗೆ ತಂದದ್ದು ಈ ಕಾರಣಕ್ಕೆ.

ಇವೆಲ್ಲ ಕೆಟ್ಟ ವಸ್ತುಗಳೆಂದು ತಿಳಿಯಬಾರದು. ಕ್ಯಾನ್ಸರ್‌ನ ಕೊನೆಯ ಹಂತದ ನೋವಿಗೆ ಮಾರ್ಫಿನ್‌ಗೆ ಸಮನಾದ ಔಷಧಿ ಇಂದಿಗೂ ಕಡಿಮೆ. ತೊಂದರೆ ಶುರುವಾಗುವುದು ವೈದ್ಯರ ನಿಗಾ ಇಲ್ಲದೆ ದಿನದಿನವೂ ತೆಗೆದುಕೊಳ್ಳುವಾಗ. ಆಗ ಮಿದುಳು ಆ ವಸ್ತುವಿಗೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇಂದು ಸಾಲದು. ನಿಲ್ಲಿಸಿದರೆ ಎಂಟು–ಹನ್ನೆರಡು ಗಂಟೆಯೊಳಗೆ ಆಕಳಿಕೆ, ಮೂಗು–ಕಣ್ಣಲ್ಲಿ ನೀರು, ಮೈಯೆಲ್ಲ ರೋಮಾಂಚನ, ಮೂಳೆ ಮುರಿದಂಥ ನೋವು, ವಾಂತಿ–ಭೇದಿ, ನಿದ್ದೆಯಿಲ್ಲದ ರಾತ್ರಿ. ಹೆರಾಯಿನ್ ವಿಷಯದಲ್ಲಿ ಎರಡು–ಮೂರನೆಯ ದಿನ ಇದು ಅತಿ ಹೆಚ್ಚಾಗಿದ್ದು, ಸುಮಾರು ಒಂದು ವಾರದಲ್ಲಿ ಇಳಿಯುತ್ತದೆ. ಈ ಹಂತದಲ್ಲಿ ಅವನು ಮತ್ತೆ ಪುಡಿಗಾಗಿ ಅಲೆಯುವುದು ಖುಷಿಗಾಗಿ ಅಲ್ಲ. ಈ ಯಾತನೆ ನಿಲ್ಲಲಿ ಎಂದು.

ವಾರ ಕಳೆದರೆ ಗುಣವಾಯಿತೇ?

ಮನೆಯವರು ತಪ್ಪು ಲೆಕ್ಕ ಹಾಕುವುದು ಇಲ್ಲೇ. ‘ಹತ್ತು ದಿನ ಕೋಣೆಯಲ್ಲಿ ಕೂಡಿ ಹಾಕಿದೆವು, ನೋವೆಲ್ಲ ಹೋಯಿತು, ಮಗ ಸರಿಹೋದ’ ಎಂದುಕೊಳ್ಳುತ್ತಾರೆ. ದೇಹದ ಯಾತನೆ ಹೋಗಿರುತ್ತದೆ, ಮಿದುಳಿನ ಹಂಬಲ ಹೋಗಿರುವುದಿಲ್ಲ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಬಹುದು. ಹೆಚ್ಚಿನವರು ಮತ್ತೆ ಜಾರುತ್ತಾರೆ. ಜಾರಿದಾಗ ಅಪಾಯ ಮೊದಲಿಗಿಂತ ದೊಡ್ಡದು. ಈ ನಡುವೆ ದೇಹದ ಒಗ್ಗಿಕೆ ಇಳಿದಿರುತ್ತದೆ. ಅವನು ಮಾತ್ರ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಮಂದವಾಗಿ ಉಸಿರು ನಿಲ್ಲುತ್ತದೆ. ಜೈಲಿನಿಂದ ಅಥವಾ ‘ಬಿಡಿಸುವ ಕೇಂದ್ರ’ದಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚುವುದು ಇದೇ ಕಾರಣದಿಂದ.

ಆದ್ದರಿಂದ ವೈದ್ಯಶಾಸ್ತ್ರ ಇದನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ದೀರ್ಘಕಾಲ ನೋಡಿಕೊಳ್ಳಬೇಕಾದ ಕಾಯಿಲೆ ಎಂದು ಪರಿಗಣಿಸುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಔಷಧಿಗಳಿವೆ: ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವೆರಡನ್ನೂ ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಬ್ಯುಪ್ರೆನಾರ್ಫಿನ್ ಕೆಲಸ ಮಾಡುವ ರೀತಿಯನ್ನು ಬೀಗ–ಬೀಗದ ಕೈ ಹೋಲಿಕೆಯಿಂದ ತಿಳಿಯಬಹುದು. ಹೆರಾಯಿನ್ ಬೀಗವನ್ನು ಪೂರ್ತಿ ತಿರುಗಿಸುವ ಕೈ. ಬ್ಯುಪ್ರೆನಾರ್ಫಿನ್ ಅದೇ ಬೀಗದಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಆದರೆ ಅರ್ಧ ಮಾತ್ರ ತಿರುಗುತ್ತದೆ. ಯಾತನೆ ಮತ್ತು ಹಂಬಲ ಅಡಗುತ್ತವೆ, ಅಮಲು ಏರುವುದಿಲ್ಲ. ಪ್ರಮಾಣ ಹೆಚ್ಚಿಸಿದರೂ ಒಂದು ಹಂತದ ನಂತರ ಪರಿಣಾಮ ಹೆಚ್ಚುವುದಿಲ್ಲವಾದ್ದರಿಂದ ಉಸಿರು ನಿಲ್ಲುವ ಅಪಾಯವೂ ಕಡಿಮೆ. ಜಾಗ ಮೊದಲೇ ಭರ್ತಿಯಾಗಿರುವುದರಿಂದ ಮೇಲೆ ಹೆರಾಯಿನ್ ತೆಗೆದುಕೊಂಡರೂ ಅದರ ಪರಿಣಾಮ ಬಹಳಷ್ಟು ತಗ್ಗುತ್ತದೆ. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟು ಕರಗಿಸಬೇಕು. ಅನೇಕ ಮಾತ್ರೆಗಳಲ್ಲಿ ಜೊತೆಗೆ ನಲೋಕ್ಸೋನ್ ಎಂಬ ಪ್ರತಿರೋಧಕವನ್ನೂ ಸೇರಿಸಿರುತ್ತಾರೆ. ನಾಲಿಗೆಯ ಕೆಳಗಿಟ್ಟರೆ ನಲೋಕ್ಸೋನ್ ರಕ್ತಕ್ಕೆ ಸೇರುವುದು ತೀರ ಕಡಿಮೆ. ಯಾರಾದರೂ ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಂಡರೆ ಮಾತ್ರ ಅದು ಕೆಲಸ ಮಾಡಿ ಯಾತನೆ ತರಿಸುತ್ತದೆ. ದುರುಪಯೋಗ ತಡೆಯಲು ಹೂಡಿದ ಉಪಾಯ ಇದು.

‘ಒಂದು ಚಟ ಬಿಡಿಸಿ ಇನ್ನೊಂದು ಚಟ ಹಿಡಿಸಿದಂತಾಯಿತಲ್ಲ?’ ಎಂಬ ಪ್ರಶ್ನೆ ಸಹಜ. ಉತ್ತರ ಹೀಗಿದೆ: ದೇಹ ಔಷಧಿಯನ್ನು ಅವಲಂಬಿಸುವುದು ನಿಜ. ಆದರೆ ವ್ಯಸನ ಎಂದರೆ ಬರೀ ಅವಲಂಬನೆ ಅಲ್ಲ. ಪುಡಿಗಾಗಿ ಸಾಲ, ಕಳವು, ಹಂಚಿಕೊಂಡ ಸೂಜಿಯಿಂದ ಎಚ್‌ಐವಿ ಮತ್ತು ಹೆಪಟೈಟಿಸ್–ಸಿ, ಕೆಲಸ–ಓದು ಕೈಬಿಡುವುದು, ಇವೆಲ್ಲ ಸೇರಿ ವ್ಯಸನ. ಔಷಧಿಯ ಮೇಲಿರುವವನು ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಾನೆ, ಸಂಜೆ ಮನೆಗೆ ಸಂಬಳ ತರುತ್ತಾನೆ. ಈ ಚಿಕಿತ್ಸೆಯಲ್ಲಿ ಉಳಿದವರ ಸಾವಿನ ಪ್ರಮಾಣ ಚಿಕಿತ್ಸೆ ಇಲ್ಲದವರದಕ್ಕಿಂತ ಸುಮಾರು ಅರ್ಧಕ್ಕೆ ಅಥವಾ ಅದಕ್ಕಿಂತಲೂ ಕೆಳಗಿಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಪಂಜಾಬ್: ಬಯಸಿದವರು ಬಹಳ, ಪಡೆದವರು ಕೆಲವರು

ಇನ್ನು ಹಳ್ಳಿಯ ವಿಷಯಕ್ಕೆ ಬರೋಣ. ಪಂಜಾಬಿನಲ್ಲಿ ಹೆರಾಯಿನ್‌ಗೆ ‘ಚಿಟ್ಟಾ’, ಅಂದರೆ ಬಿಳಿಯದು, ಎನ್ನುತ್ತಾರೆ. ಅಫೀಮು ಮತ್ತು ಗಸಗಸೆ ಕಾಯಿಯ ಸಿಪ್ಪೆಯಾದ ‘ಭುಕ್ಕಿ’ ಅಲ್ಲಿನ ಹೊಲದ ಕೂಲಿಕಾರರಲ್ಲಿ, ಲಾರಿ ಚಾಲಕರಲ್ಲಿ ಹಿಂದಿನಿಂದಲೂ ಬಳಕೆಯಲ್ಲಿತ್ತು. ಹೆರಾಯಿನ್ ಬಂದ ಮೇಲೆ ಚಿತ್ರ ಬದಲಾಯಿತು.

2015ರಲ್ಲಿ ದೆಹಲಿಯ ಏಮ್ಸ್ ವೈದ್ಯರ ನೇತೃತ್ವದಲ್ಲಿ ಅಲ್ಲಿ ಒಂದು ಸಮೀಕ್ಷೆ ನಡೆಯಿತು. ಅದರ ಅಂದಾಜಿನಂತೆ ರಾಜ್ಯದಲ್ಲಿ ಸುಮಾರು 2.3 ಲಕ್ಷ ಜನ ಓಪಿಯಾಯ್ಡ್‌ಗೆ ಅಂಟಿಕೊಂಡಿದ್ದರು. ನಾಲ್ಕರಲ್ಲಿ ಮೂವರು 18ರಿಂದ 35 ವಯಸ್ಸಿನವರು. ಅರ್ಧಕ್ಕಿಂತ ಹೆಚ್ಚು ಮಂದಿ ಹಳ್ಳಿಯವರು. ನಾವು ಗಮನಿಸಬೇಕಾದ ಅಂಕಿ ಇನ್ನೊಂದಿದೆ: ಶೇ. 80ಕ್ಕೂ ಹೆಚ್ಚು ಮಂದಿ ಬಿಡಲು ಪ್ರಯತ್ನಿಸಿದ್ದರು, ಆದರೆ ಯಾವುದಾದರೂ ನೆರವು ಸಿಕ್ಕಿದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. ‘ಅವರಿಗೆ ಬಿಡುವ ಮನಸ್ಸೇ ಇಲ್ಲ’ ಎಂಬ ಮಾತಿಗೆ ಈ ಅಂಕಿಯೇ ಉತ್ತರ. ಮನಸ್ಸಿತ್ತು, ದಾರಿ ಇರಲಿಲ್ಲ.

ದಾರಿ ಏಕಿರಲಿಲ್ಲ? ಒಂದು ಸರಳ ಲೆಕ್ಕ ಮಾಡೋಣ. ಒಬ್ಬ ಕೂಲಿಕಾರನ ಹಳ್ಳಿ ಜಿಲ್ಲಾ ಆಸ್ಪತ್ರೆಯಿಂದ 40 ಕಿಲೋಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಔಷಧಿಯನ್ನು ಪ್ರತಿದಿನ ಸಿಬ್ಬಂದಿಯ ಎದುರೇ ತೆಗೆದುಕೊಳ್ಳಬೇಕು. ಹೋಗಿಬರಲು ಬಸ್ಸಿನಲ್ಲಿ ಮೂರು ಗಂಟೆ, ಸರದಿಯಲ್ಲಿ ಒಂದು ಗಂಟೆ. ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಕೈಯಿಂದ ಹೋಯಿತು. ಔಷಧಿ ಉಚಿತವಾಗಿದ್ದರೂ ಚಿಕಿತ್ಸೆ ಉಚಿತವಾಗಲಿಲ್ಲ. ಮೊದಲ ವಾರ ಹೋಗುತ್ತಾನೆ, ಎರಡನೆಯ ವಾರ ಮೂರು ದಿನ ತಪ್ಪಿಸುತ್ತಾನೆ, ಮೂರನೆಯ ವಾರ ನಿಲ್ಲಿಸುತ್ತಾನೆ. ಚಿಟ್ಟಾ ಮಾರುವವನು ಮಾತ್ರ ಊರ ಬಾಗಿಲಿಗೇ ಬರುತ್ತಾನೆ.

2017ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಹೊರರೋಗಿ ಓಪಿಯಾಯ್ಡ್ ಚಿಕಿತ್ಸಾ ಕ್ಲಿನಿಕ್‌ಗಳನ್ನು ಆರಂಭಿಸಿತು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಅವನ್ನು ‘ಊಟ್’ ಕ್ಲಿನಿಕ್ ಎನ್ನುತ್ತಾರೆ. ಮೊದಲು ಅಮೃತಸರ, ತರನ್ ತಾರನ್, ಮೊಗಾ ಜಿಲ್ಲೆಗಳಲ್ಲಿ, ಮುಂದೆ ರಾಜ್ಯದಾದ್ಯಂತ. ದಾಖಲಾಗಬೇಕಿಲ್ಲ; ಬಂದು ಹೆಸರು ನೋಂದಾಯಿಸಿ, ಬ್ಯುಪ್ರೆನಾರ್ಫಿನ್–ನಲೋಕ್ಸೋನ್ ಮಾತ್ರೆಯನ್ನು ಸಿಬ್ಬಂದಿಯ ಎದುರು ನಾಲಿಗೆ ಕೆಳಗಿಟ್ಟು ಕರಗಿಸಿ, ಆಪ್ತಸಮಾಲೋಚಕರ ಬಳಿ ಮಾತಾಡಿ ಕೆಲಸಕ್ಕೆ ಹೋಗಬಹುದು. ಮನೋವೈದ್ಯರೇ ಇರಬೇಕೆಂದಿಲ್ಲ, ತರಬೇತಿ ಪಡೆದ ಎಂಬಿಬಿಎಸ್ ವೈದ್ಯಾಧಿಕಾರಿಗಳೂ ನಡೆಸಬಹುದು. ಒಬ್ಬನೇ ಎರಡು ಕಡೆ ಔಷಧಿ ಪಡೆಯದಂತೆ ಬೆರಳಚ್ಚಿನ ನೋಂದಣಿ ಇಟ್ಟರು.

2020ರ ಲಾಕ್‌ಡೌನ್‌ನಲ್ಲಿ ದಿನವೂ ಕ್ಲಿನಿಕ್‌ಗೆ ಬರುವುದು ಅಸಾಧ್ಯವಾಯಿತು. ಆಗ ಹಲವು ದಿನಗಳ ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಲು ಅನುಮತಿ ಸಿಕ್ಕಿತು. ಕ್ಲಿನಿಕ್‌ಗಳಿಗೆ ಹೊಸದಾಗಿ ಬರುವವರ ಸಂಖ್ಯೆಯೂ ಏರಿತು.

ತೊಂದರೆಗಳೂ ಕಂಡವು. ಮನೆಗೆ ಕೊಟ್ಟ ಮಾತ್ರೆಗಳು ಕೆಲವೆಡೆ ಬೀದಿಯಲ್ಲಿ ಮಾರಾಟವಾದವು. ಸಮಾಲೋಚಕರು ಸಾಲದೆ ಕೆಲವು ಕ್ಲಿನಿಕ್‌ಗಳು ಮಾತ್ರೆ ಹಂಚುವ ಕಿಟಕಿಗಳಷ್ಟೇ ಆದವು. ಹೆಂಗಸರು ಬರುವುದು ಅಪರೂಪ: ಊರಿನ ಕಣ್ಣೆಲ್ಲ ಇರುವ ಸರದಿಯಲ್ಲಿ ನಿಲ್ಲಲು ಅವರಿಗೆ ಗಂಡಸರಿಗಿಂತ ಹೆಚ್ಚು ಭಯ. ಕೈಗೆಟುಕುವ ಚಿಕಿತ್ಸೆ ಮತ್ತು ಬಿಗಿಯಾದ ನಿಗಾ, ಇವೆರಡೂ ಒಂದನ್ನೊಂದು ಎಳೆದಾಡುತ್ತವೆ. ತೀರ ಬಿಗಿ ಮಾಡಿದರೆ ದೂರದವನು ಬಿಟ್ಟುಹೋಗುತ್ತಾನೆ; ತೀರ ಸಡಿಲ ಮಾಡಿದರೆ ಮಾತ್ರೆ ಬೀದಿಗೆ ಹೋಗುತ್ತದೆ. ಹೊಸಬರಿಗೆ ದಿನದಿನದ ನಿಗಾ, ಸ್ಥಿರವಾದವರಿಗೆ ಹೆಚ್ಚು ದಿನಗಳ ಮಾತ್ರೆ ಎಂಬ ಹಂತಹಂತದ ಕ್ರಮ ಇದಕ್ಕೆ ಒಂದು ಪರಿಹಾರ.

ಅಮೆರಿಕದ ಹಳ್ಳಿಗಳು ಕಲಿಸಿದ ಪಾಠ

ಇದು ಬಡ ದೇಶಗಳ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ 2021ರೊಂದರಲ್ಲೇ ಮಾದಕ ವಸ್ತುವಿನ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು; ಅದರಲ್ಲಿ ಸುಮಾರು 80 ಸಾವಿರ ಸಾವುಗಳಲ್ಲಿ ಓಪಿಯಾಯ್ಡ್ ಇತ್ತು. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ವ್ಯಸನದ ಅಪಾಯ ಕಡಿಮೆ ಎಂದು ಹೇಳಿ ಮಾರಿದ್ದು ಈ ದುರಂತದ ಆರಂಭದ ಕಾರಣಗಳಲ್ಲಿ ಒಂದು. ಗಣಿ ಕೆಲಸದ ಅಪಲೇಚಿಯಾ ಬೆಟ್ಟಪ್ರದೇಶದ ಹಳ್ಳಿಗಳು ಮೊದಲು ಪೆಟ್ಟು ತಿಂದವು.

ಇಂಡಿಯಾನಾ ರಾಜ್ಯದ ಆಸ್ಟಿನ್ ಸುಮಾರು 4,200 ಜನರ ಊರು. ನೋವಿನ ಮಾತ್ರೆಯನ್ನು ಕರಗಿಸಿ, ಒಂದೇ ಸೂಜಿಯಿಂದ ಹಲವರು ಚುಚ್ಚಿಕೊಂಡ ಪರಿಣಾಮ 2015ರಲ್ಲಿ ಅಲ್ಲಿ ಎಚ್‌ಐವಿ ಹಬ್ಬಿ, ಆ ವರ್ಷ ಮುಗಿಯುವ ಹೊತ್ತಿಗೆ 180ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು.

ಅಲ್ಲಿ ಔಷಧಿಗೆ ಕೊರತೆ ಇರಲಿಲ್ಲ, ಬರೆಯುವ ವೈದ್ಯರಿಗೆ ಕೊರತೆ ಇತ್ತು. ಬ್ಯುಪ್ರೆನಾರ್ಫಿನ್ ಬರೆಯಲು ವೈದ್ಯರು ವಿಶೇಷ ತರಬೇತಿ ಮತ್ತು ಪರವಾನಗಿ ಪಡೆಯಬೇಕಿತ್ತು. ಒಬ್ಬ ವೈದ್ಯರು ನೋಡಬಹುದಾದ ರೋಗಿಗಳ ಸಂಖ್ಯೆಗೂ ಮಿತಿ ಇತ್ತು. ಅದೇ ವೈದ್ಯರು ವ್ಯಸನ ಹತ್ತಿಸುವ ನೋವಿನ ಮಾತ್ರೆ ಬರೆಯಲು ಇಂಥ ಯಾವ ಮಿತಿಯೂ ಇರಲಿಲ್ಲ! 2017ರಲ್ಲೂ ಅಮೆರಿಕದ ಗ್ರಾಮೀಣ ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಇಂಥ ಪರವಾನಗಿ ಇದ್ದವರು ಒಬ್ಬರೂ ಇರಲಿಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ಈ ವಿಶೇಷ ಪರವಾನಗಿಯನ್ನು ತೆಗೆದುಹಾಕಿದರು. ಬರೆಯುವ ವೈದ್ಯರು ಹೆಚ್ಚಿದರು, ಆದರೆ ಔಷಧಿ ಪಡೆಯುವ ರೋಗಿಗಳು ತಕ್ಷಣ ಅಷ್ಟಾಗಿ ಹೆಚ್ಚಲಿಲ್ಲ. ಕಾಗದದ ಅಡ್ಡಿ ತೆಗೆದ ಮಾತ್ರಕ್ಕೆ ವೈದ್ಯರಿಗೆ ಧೈರ್ಯವೂ ರೋಗಿಗೆ ನಂಬಿಕೆಯೂ ಬರುವುದಿಲ್ಲ.

ಎರಡು ಪ್ರಯೋಗಗಳು ಈ ಕೊರತೆಯನ್ನು ತುಂಬಲು ನೋಡಿದವು. ವರ್ಮಾಂಟ್ ರಾಜ್ಯ 2013ರ ಸುಮಾರಿಗೆ ಸೈಕಲ್ ಚಕ್ರದ ಮಾದರಿಯೊಂದನ್ನು ಕಟ್ಟಿತು. ನಡುವಿನ ಹಬ್‌ನಂತೆ ಪರಿಣತರ ಕೇಂದ್ರ, ಕಡ್ಡಿಗಳಂತೆ ಊರೂರಿನ ಸಾಮಾನ್ಯ ವೈದ್ಯರು. ರೋಗಿ ಕಠಿಣ ಸ್ಥಿತಿಯಲ್ಲಿದ್ದಾಗ ಕೇಂದ್ರಕ್ಕೆ, ಸ್ಥಿರವಾದ ಮೇಲೆ ತನ್ನೂರಿನ ವೈದ್ಯರಿಗೆ, ಮತ್ತೆ ಜಾರಿದರೆ ತಿರುಗಿ ಕೇಂದ್ರಕ್ಕೆ.

ಇನ್ನೊಂದು ಪ್ರಯೋಗ ಭಾರತೀಯ ಮೂಲದ ವೈದ್ಯ ಡಾ. ಸಂಜೀವ್ ಅರೋರಾ ಅವರದು. ನ್ಯೂ ಮೆಕ್ಸಿಕೊದ ವಿಶ್ವವಿದ್ಯಾಲಯದಲ್ಲಿದ್ದ ಅವರ ಬಳಿಗೆ ಹೆಪಟೈಟಿಸ್–ಸಿ ರೋಗಿಗಳು ಗಂಟೆಗಟ್ಟಲೆ ಪ್ರಯಾಣ ಮಾಡಿ ಬರುತ್ತಿದ್ದರು, ತಿಂಗಳುಗಟ್ಟಲೆ ಕಾಯುತ್ತಿದ್ದರು. ರೋಗಿಯನ್ನು ತಾವಿದ್ದಲ್ಲಿಗೆ ಕರೆಸುವ ಬದಲು ತಮ್ಮ ತಿಳಿವಳಿಕೆಯನ್ನು ರೋಗಿಯ ಊರಿಗೆ ಕಳಿಸಬಾರದೇಕೆ ಎಂದು ಯೋಚಿಸಿ, 2003ರಲ್ಲಿ ವೀಡಿಯೊ ಮೂಲಕ ವಾರದ ತರಗತಿ ಆರಂಭಿಸಿದರು. ಹಳ್ಳಿ ವೈದ್ಯರು ತಮ್ಮ ರೋಗಿಯ ವಿವರವನ್ನು ಹೆಸರಿಲ್ಲದೆ ಮುಂದಿಡುತ್ತಾರೆ. ಪರಿಣತರೂ ಇತರ ವೈದ್ಯರೂ ಚರ್ಚಿಸುತ್ತಾರೆ. ಹೀಗೆ ಹಳ್ಳಿಯಲ್ಲೇ ಚಿಕಿತ್ಸೆ ಪಡೆದವರ ಫಲಿತಾಂಶ ವಿಶ್ವವಿದ್ಯಾಲಯದ ಆಸ್ಪತ್ರೆಯಷ್ಟೇ ಚೆನ್ನಾಗಿದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ‘ಎಕೋ’ ಎಂಬ ಈ ಕ್ರಮ ಮುಂದೆ ವ್ಯಸನ ಚಿಕಿತ್ಸೆಗೂ ಹಬ್ಬಿತು.

ನಮ್ಮ ನಾಡಿನ ಕೊಂಡಿ

ಎಕೋ ಕ್ರಮವನ್ನು ನಮ್ಮ ದೇಶದಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ಬಳಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿದೆ. ಅದರ ‘ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್’ ದೂರದ ಜಿಲ್ಲೆಗಳ ವೈದ್ಯರಿಗೆ ಬೆಂಗಳೂರಿನಿಂದಲೇ ತರಬೇತಿ ಕೊಡುತ್ತದೆ.

ಈ ಆಲೋಚನೆ ಕರ್ನಾಟಕಕ್ಕೆ ಹೊಸದೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡಲು ಕಲಿಸಿತ್ತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ಜನಸಂಖ್ಯೆಗೆ ಹೋಲಿಸಿದರೆ ಮಿಜೋರಾಂ, ನಾಗಾಲ್ಯಾಂಡ್, ಮಣಿಪುರಗಳಂಥ ಈಶಾನ್ಯ ರಾಜ್ಯಗಳಲ್ಲಿ ಬಳಕೆ ಅತಿ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ದೊಡ್ಡ ಹೊರೆ ಮದ್ಯದ್ದು. ಆದರೆ ಮದ್ಯವೇ ಇರಲಿ, ನೋವಿನ ಮಾತ್ರೆಯೇ ಇರಲಿ, ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದವನಿಗೆ ಅಲ್ಲೇ ನೆರವು ಸಿಗಬೇಕೆಂಬ ಮಾತು ಎರಡಕ್ಕೂ ಒಂದೇ.

ಕಾನೂನು ಏನು ಹೇಳುತ್ತದೆ?

‘ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ’ ಎಂಬ ಭಯ ಅನೇಕ ಕುಟುಂಬಗಳನ್ನು ತಡೆಯುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆ ಶಿಕ್ಷಾರ್ಹ ನಿಜ. ಅದೇ ಕಾಯ್ದೆಯ 64ಎ ಕಲಂ ಹೇಳುವುದೇನೆಂದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಅದನ್ನು ಹಿಂಪಡೆಯಬಹುದು. ಮಾರಾಟಗಾರನಿಗೆ ಈ ರಕ್ಷಣೆ ಇಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ಅದು ನಿಷೇಧಿಸಿದೆ. ಹೊಡೆದು, ಕಟ್ಟಿ ‘ಚಟ ಬಿಡಿಸುವ’ ಜಾಗಗಳು ಕಾನೂನಿಗೂ ವಿರುದ್ಧ, ವೈದ್ಯಶಾಸ್ತ್ರಕ್ಕೂ ವಿರುದ್ಧ.

ವಿದ್ಯಾರ್ಥಿಗಳು ಮಾಡಬಹುದಾದದ್ದು

ಮನೆಯಲ್ಲಿ, ಹಾಸ್ಟೆಲ್‌ನಲ್ಲಿ, ಊರಿನಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದಾರೆ ಎಂದು ಗೊತ್ತಾದರೆ ಸುದ್ದಿ ಹಬ್ಬಿಸಬೇಡಿ. ಗುಟ್ಟಾಗಿ ಮುಚ್ಚಿಡಲೂ ಬೇಡಿ. ನಂಬಿಕೆಯ ಹಿರಿಯರಿಗೆ, ಉಪನ್ಯಾಸಕರಿಗೆ ಹೇಳಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ ಸಂಖ್ಯೆ 14416; ಇದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಎರಡೂ ಉಚಿತ.

ಅತಿಸೇವನೆಯ ಗುರುತುಗಳು ನೆನಪಿರಲಿ: ಕರೆದರೂ ಅಲುಗಾಡಿಸಿದರೂ ಎಚ್ಚರವಾಗದಿರುವುದು, ಉಸಿರು ತೀರ ನಿಧಾನ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ತುಟಿ ನೀಲಿ. ಕೂಡಲೇ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಏನು ಸೇವಿಸಿದ್ದಾರೆ ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಆಸ್ಪತ್ರೆಯಲ್ಲಿ ನಲೋಕ್ಸೋನ್ ಚುಚ್ಚುಮದ್ದು ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳಬಹುದು.

ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ನರ್ಸ್, ಫಾರ್ಮಸಿಸ್ಟ್, ಸಮಾಜ ಕಾರ್ಯಕರ್ತರು, ವಕೀಲರು, ಪಂಚಾಯಿತಿ ಸದಸ್ಯರು ಆಗುತ್ತೀರಿ. ಊರಿನ ಆರೋಗ್ಯ ಕೇಂದ್ರದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನನ್ನು ‘ಏನಪ್ಪಾ, ಒಳಗೆ ಬಾ’ ಎಂದು ಕರೆಯುವವರು ಒಬ್ಬರಿದ್ದರೆ, ಅವನು ನಾಳೆಯೂ ಬರುತ್ತಾನೆ. ಈ ಚಿಕಿತ್ಸೆಯಲ್ಲಿ ನಾಳೆಯೂ ಬರುವುದೇ ಮುಖ್ಯ.

ತರಗತಿಯಲ್ಲಿ ಚರ್ಚಿಸಿ

1. ಬ್ಯುಪ್ರೆನಾರ್ಫಿನ್ ಮತ್ತು ಹೆರಾಯಿನ್ ಒಂದೇ ಗ್ರಾಹಕಕ್ಕೆ ಅಂಟಿದರೂ ಪರಿಣಾಮ ಬೇರೆ ಏಕೆ?

2. ಹತ್ತು ದಿನ ಬಿಟ್ಟಿದ್ದವನು ಹಳೆಯ ಪ್ರಮಾಣಕ್ಕೆ ಮರಳಿದರೆ ಜೀವಕ್ಕೆ ಅಪಾಯ ಏಕೆ ಹೆಚ್ಚು?

3. ನಿಮ್ಮ ಊರಿನಿಂದ ಅತಿ ಹತ್ತಿರದ ಮನೋವೈದ್ಯರು ಎಷ್ಟು ದೂರದಲ್ಲಿದ್ದಾರೆ? ಹೋಗಿಬರಲು ಎಷ್ಟು ಸಮಯ, ಎಷ್ಟು ಹಣ ಬೇಕು? ಲೆಕ್ಕ ಹಾಕಿ ಬರೆಯಿರಿ.

4. ಮಾತ್ರೆಯನ್ನು ಮನೆಗೆ ಕೊಡಬೇಕೇ, ಎದುರಿಗೇ ನುಂಗಿಸಬೇಕೇ? ಎರಡು ಗುಂಪುಗಳಾಗಿ ವಾದ ಮಾಡಿ. ಕ್ಲಿನಿಕ್ ನಡೆಸುವ ಹೊಣೆ ನಿಮ್ಮದಾದರೆ ಯಾವ ನಿಯಮ ಮಾಡುತ್ತೀರಿ?